ಬಿಳಿ ಸುಡದ ಹಾಗೆ

ಬ್ಯಾಡಗಿ
೯ ಫೆಬ್ರವರಿ ೨೦೨೫, ರವಿವಾರ

ಮುದ್ದಿನ ಮಗಳು ಶಬನಮ್‌ಗೆ ನಿನ್ನ ಅಬ್ಬಾನ ಸಲಾಮು ಮತ್ತು ತುಂಬು ಮನಸ್ಸಿನ ದುವಾ.

ನಾವಿಬ್ಬರೂ ಆರಾಮ ಇದ್ದೇವೆ. ಅಳಿಯ ಶಾನವಾಜನಿಗೂ ನಿನ್ನ ಅತ್ತೆ ಮಾವನವರಿಗೂ ನನ್ನ ಸಲಾಮು ಹೇಳು. ಹೊಸ ವರ್ಷದಲ್ಲೇ ಬರೆಯಬೇಕೆಂದಿದ್ದೆ. ಮೆಣಸಿನಕಾಯಿ ಸುಗ್ಗಿ ಶುರುವಾದರೆ ನಿನಗೆ ಗೊತ್ತಲ್ಲ, ಚೀಲ ಹೊಲಿಯುವುದರಲ್ಲೇ ದಿನ ಮುಗಿಯುತ್ತದೆ, ನಮ್ಮ ಹೊಲಿಗೆ ಅಂಗಡಿಯಲ್ಲಿ ಊರವರ ಅಂಗಿಗಳೆಲ್ಲ ಒಂದೇ ತೋಳಿನಲ್ಲಿ ನೇತಾಡುತ್ತಿವೆ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಹಾವೇರಿ ಇಲ್ಲೇ ಇದೆ, ಕೈಯಲ್ಲಿ ಮೊಬೈಲೂ ಇದೆ, ಆದರೂ ಅಬ್ಬಾ ಕಾಗದ ಬರೆಯುತ್ತಾನಲ್ಲ ಎಂದು ನಗಬೇಡ. ನಮ್ಮ ಮನೆಯ ಫೋನು ಮಾತಾಡುವುದೇ ಸ್ಪೀಕರಿನಲ್ಲಿ, ನಿನ್ನ ಅಮ್ಮಿ ಪಕ್ಕದಲ್ಲೇ ಕೂತಿರುತ್ತಾಳೆ. ಈ ಮಾತು ನಿನಗೊಬ್ಬಳಿಗೆ. ಉರ್ದು ನನಗೆ ಬಾಯಿಗೆ ಬರುತ್ತದೆ, ಕೈಗೆ ಬರುವುದಿಲ್ಲ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೊದಲು ಸುದ್ದಿ ಕೇಳು. ನಿನ್ನ ಅಬ್ಬಾ ಫೋಟೊಗ್ರಾಫರ್ ಆಗಿದ್ದಾನೆ. ನೀನು ಬಿಟ್ಟುಹೋದ ಹಳೇ ಮೊಬೈಲೇ ನನ್ನ ಕ್ಯಾಮರಾ. "ಅರವತ್ತಕ್ಕ ಅರಳು ಮರಳು ಅಂತಾರ, ನಿಮಗ ಲಗೂನ ಬಂತು" ಎಂದು ಅಮ್ಮಿ ದಿನಾ ಕಾಡಿಸುತ್ತಾಳೆ.

ಈ ಹುಚ್ಚು ಯಾಕೆ ಹಿಡಿಯಿತು ಅಂದರೆ, ನಿನ್ನ ಮದುವೆ ಆಲ್ಬಮ್ಮಿನಿಂದ. ಅದು ಬಂದ ದಿನ ಅಮ್ಮಿ ಕೈ ತೊಳೆದು ಒರೆಸಿಕೊಂಡು ಒಂದೊಂದೇ ಹಾಳೆ ತಿರುವಿದಳು. ನಿನ್ನ ಪಕ್ಕ ತಾನು ನಿಂತ ಫೋಟೊ ಬಂತು. ಹಣೆಯ ಮೇಲಿನ, ತುಟಿಯ ಸುತ್ತಲಿನ, ಗದ್ದದ ಕೆಳಗಿನ ಬಿಳಿ ಮಚ್ಚೆಗಳು ಒಂದೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಮುಖವನ್ನೆಲ್ಲ ಒಂದೇ ಬಣ್ಣ ಮಾಡಿದ್ದರು. "ಇಕಿ ಯಾರ್ರಿ?" ಎಂದು ಕೇಳಿದಳು. ಆಮೇಲೆ ತಾನೇ ನಕ್ಕು, "ಚಲೋ ಕಾಣಾಕತ್ತಾಳ ಬಿಡ್ರಿ" ಎಂದು ಹಾಳೆ ಮಗುಚಿದಳು. ಆ ಮಚ್ಚೆಗಳು ನೀನು ಅಂಗನವಾಡಿಗೆ ಹೋಗುವ ಕಾಲದವು. ಇಷ್ಟು ವರ್ಷ ಆಕೆ ಅವುಗಳನ್ನು ಹೊತ್ತುಕೊಂಡೇ ಮಾರ್ಕೆಟ್ಟಿಗೆ ಹೋಗಿದ್ದಾಳೆ, ಮದುವೆ ಮನೆಗಳಲ್ಲಿ ಬಡಿಸಿದ್ದಾಳೆ, ಯಾರಿಂದಲೂ ಮುಖ ಮರೆಮಾಡಿದವಳಲ್ಲ. ಆ ದಿನದಿಂದ ಮಾತ್ರ ಯಾರಾದರೂ ಮೊಬೈಲು ಎತ್ತಿದರೆ ಸಾಕು, ಒಲೆ ಮೇಲೆ ಏನೋ ಇಟ್ಟಿದ್ದೇನೆಂದು ಎದ್ದು ಒಳಗೆ ಹೋಗುತ್ತಾಳೆ. ಒಲೆ ಮೇಲೆ ಏನೂ ಇರುವುದಿಲ್ಲ. ಇವಳು ಇದ್ದ ಹಾಗೆ, ಇವಳಿಗೇ ಇಷ್ಟವಾಗುವ ಹಾಗೆ, ಒಂದು ಫೋಟೊ ನಾನೇ ತೆಗೆಯಬೇಕು ಎಂದುಕೊಂಡೆ.

ಮನಸ್ಸಿಗೆ ಬಂದದ್ದು ಕೈಗೆ ಬರಬೇಕಲ್ಲ. ಅಭ್ಯಾಸಕ್ಕೆ ಸಿಕ್ಕಿದವಳು ಪಕ್ಕದ ಮನೆಯ ಗುಡ್ಡವ್ವ. ಆಧಾರ್ ಕಾರ್ಡಿನವರ ಮುಂದೆ ಕೂತಂತೆ ಕೂತು ಉಸಿರು ಬಿಗಿಹಿಡಿಯುತ್ತಾಳೆ. ಮೊದಲ ಫೋಟೊದಲ್ಲಿ ಅವಳಿಗೆ ತಲೆಯೇ ಇರಲಿಲ್ಲ. "ಅಂಗಿಗೆ ಕೊರಳ ಇಡೂದು ಒಂದಿನಾ ಮರೀಲಿಲ್ಲ, ನನ್ನ ತಲಿ ಹೆಂಗ ಮರತಿ ರಜಾಕಣ್ಣ?" ಎಂದಳು. ಮತ್ತೊಂದರಲ್ಲಿ ನನ್ನ ಹೆಬ್ಬೆರಳು ಅವಳಿಗಿಂತ ದೊಡ್ಡದಾಗಿ ಬಂದಿತ್ತು.

ಇನ್ನೊಂದು ದಿನ ಲೆನ್ಸು ಹೊಲಸಾಗಿದೆಯೆಂದು, ಮಾರ್ಕೆಟ್ಟಿನಿಂದ ಆಗಷ್ಟೇ ಬಂದಿದ್ದ ಅಮ್ಮಿಯ ಸೆರಗಿಗೆ ತಿಕ್ಕಿದೆ. ಬೆಳಗಿನಿಂದ ಮೆಣಸಿನಕಾಯಿ ತೊಟ್ಟು ಬಿಡಿಸಿದ ಸೆರಗು. ಅದರ ಎಣ್ಣೆ ಗಾಜಿಗೆ ಹತ್ತಿ, ತೆಗೆದದ್ದೆಲ್ಲ ಮಂಜು ಮುಸುಕಿದ ಹಾಗೆ ಬಂತು. ನನ್ನ ಕಣ್ಣಿಗೇ ಏನಾಯಿತೋ ಎಂದು ಅದೇ ಬೆರಳಿನಿಂದ ಕಣ್ಣನ್ನೂ ಉಜ್ಜಿಕೊಂಡೆ. ಬ್ಯಾಡಗಿ ಕಾಯಿಗೆ ಬಣ್ಣವೇ ಹೆಚ್ಚು, ಖಾರ ಕಡಿಮೆ ಎನ್ನುವವರು ಒಮ್ಮೆ ಕಣ್ಣಿಗೆ ಹಚ್ಚಿಕೊಂಡು ನೋಡಲಿ. ಅಮ್ಮಿ ನೀರು ಹನಿಸುತ್ತ, "ಹುಟ್ಟಿ ಬೆಳದದ್ದು ಇದ ಊರಾಗ, ಕೈ ಎಲ್ಲಿಡಬೇಕು ಅನ್ನೂದ ಗೊತ್ತಿಲ್ಲ" ಎಂದು ಬಿದ್ದು ಬಿದ್ದು ನಕ್ಕಳು. ಆಲ್ಬಮ್ ಬಂದ ಮೇಲೆ ಆಕೆ ಹಾಗೆ ನಕ್ಕದ್ದು ಅದೇ ಮೊದಲು. ಈಗ ಲೆನ್ಸಿಗೆಂದೇ ಹತ್ತಿ ಬಟ್ಟೆಯ ತುಂಡೊಂದನ್ನು ಕಿಸೆಯಲ್ಲಿಟ್ಟುಕೊಂಡಿದ್ದೇನೆ.

ರಾಣೆಬೆನ್ನೂರಿನ ಪರಮೇಶಪ್ಪನವರು ಕ್ಯಾಮರಾ ಚೀಲದ ಹೊಲಿಗೆ ಬಿಚ್ಚಿದೆಯೆಂದು ನಮ್ಮ ಅಂಗಡಿಗೆ ಬಂದದ್ದು ನನ್ನ ಪುಣ್ಯ. ಬಸ್ ಕಂಡಕ್ಟರಾಗಿ ನಿವೃತ್ತರಾದವರು, ಈಗ ಅಲ್ಲಿನ ಅಭಯಾರಣ್ಯದ ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಫೋಟೊ ತೆಗೆಯುವುದೇ ಕೆಲಸ. ಅಮ್ಮಿಗೆ ತಿಳಿಯದ ಹಾಗೆ ಮಟಮಟ ಮಧ್ಯಾಹ್ನದಲ್ಲಿ ತೆಗೆದಿದ್ದ ಒಂದು ಫೋಟೊ ಅವರಿಗೆ ತೋರಿಸಿದೆ. ಮಚ್ಚೆಗಳು ಮುಖಕ್ಕೆ ಕಾಗದ ಅಂಟಿಸಿದ ಹಾಗೆ ಬಂದಿದ್ದವು. ಅವರು ಮಚ್ಚೆಯ ಸುದ್ದಿಯನ್ನೇ ಎತ್ತಲಿಲ್ಲ. "ಐತವಾರ ಮುಂಜೇಲೆ ರಾಣೆಬೆನ್ನೂರಿಗೆ ಬರ್ರಿ" ಎಂದರು, ಅಷ್ಟೇ.

ಹೋದೆ. ಅಭಯಾರಣ್ಯದ ಕುರುಚಲಿನಲ್ಲಿ ಇಬ್ಬರೂ ಕುಕ್ಕರಗಾಲಿನಲ್ಲಿ ಕೂತೆವು. ಒಂದು ಗಂಡು ಚಿಗರಿ ಹುಲ್ಲಿನಿಂದ ತಲೆಯೆತ್ತಿತು. "ನೋಡ್ರಿ ರಜಾಕಸಾಬ್ರ, ಬೆನ್ನು ಕಪ್ಪು, ಹೊಟ್ಟಿ ಬಿಳಿ. ಕಪ್ಪು ಕಾಣಲಿ ಅಂತ ಬೆಳಕ ಏರಿಸಿದ್ರ ಬಿಳಿ ಸುಡತೈತಿ, ಬರೇ ಖಾಲಿ ಕಾಗದ ಆಗತೈತಿ. ಸುಟ್ಟ ಬಿಳಿ ತಿರುಗಿ ಬರೂದಿಲ್ಲ. ಮದಲ ಅದನ್ನ ಉಳಿಸ್ಕೋರಿ" ಎಂದು ಪಿಸುಗುಟ್ಟಿದರು. ಮೊಬೈಲಿನ ಪರದೆಯ ಮೇಲೆ ಬಿಳಿ ಇರುವಲ್ಲಿ ಬೆರಳಿಟ್ಟು ಬೆಳಕನ್ನು ಮೆಲ್ಲಗೆ ಕೆಳಗಿಳಿಸುವುದನ್ನು ತೋರಿಸಿದರು. ಮುಖದ ಫೋಟೊವಾದರೆ ಬಿಸಿಲು ಬೇಡ, ಬಾಗಿಲ ನೆರಳು ಸಾಕು, ಬೆಳಕು ಮಗ್ಗುಲಿನಿಂದ ಬರಲಿ ಎಂದರು. ಮೊಣಕೈ ಪಕ್ಕೆಗೆ ಒತ್ತಿಕೊಂಡರೆ ಕೈ ನಡುಗುವುದಿಲ್ಲವಂತೆ. ದೂರ ನಿಂತು ಬೆರಳಿನಿಂದ ಹಿಗ್ಗಿಸುವ ಬದಲು ನಾವೇ ಹತ್ತಿರ ಹೋಗಬೇಕಂತೆ. "ಕಲಿಯೂತನಕ ಬ್ರಹ್ಮವಿದ್ಯೆ, ಕಲತ ಮ್ಯಾಲ ಕೋತಿವಿದ್ಯೆ" ಎಂದು ಬೆನ್ನು ತಟ್ಟಿದರು. ಚಿಗರಿಯಿಂದ ಪಾಠ ಕಲಿತೆ ಎಂಬುದನ್ನು ಅಮ್ಮಿಗೆ ಮಾತ್ರ ಹೇಳಬೇಡ, ನನ್ನ ಚರ್ಮ ಸುಲಿದಾಳು.

ಮತ್ತೆ ಗುಡ್ಡವ್ವನನ್ನೇ ಕೂಡಿಸಿದೆ, ಈ ಸಲ ಬಾಗಿಲ ನೆರಳಿನಲ್ಲಿ. ಉಸಿರು ಬಿಡಲಿ ಎಂದು ಅವಳ ಎಮ್ಮೆಯ ಸುದ್ದಿ ಕೇಳಿದೆ. ಹಣೆಯ ಗೆರೆ, ಕೆನ್ನೆಯ ಸುಕ್ಕು, ಬಿದ್ದ ಹಲ್ಲಿನ ಸಂದಿ, ಎಲ್ಲವೂ ಬಂದವು. ಅವಳು ಮೊಬೈಲು ಹಿಡಿದುಕೊಂಡು ಅಮ್ಮಿಯ ಹತ್ತಿರ ಓಡಿದಳು. "ನೋಡ ಮಾಸುಮಬಿ, ನಿನ್ನ ಗಂಡ ನನ್ನ ಒಂದ ಸುಕ್ಕೂ ಬಿಟ್ಟಿಲ್ಲ. ಖರೇ ನನ್ನಂಗ ಅದೀನಿ" ಎಂದಳು. ಅಮ್ಮಿ ಬಹಳ ಹೊತ್ತು ನೋಡಿದಳು. ಅವತ್ತು ಊಟಕ್ಕೆ ಬಡಿಸುವಾಗ ರೊಟ್ಟಿಯ ಕಡೆಗೇ ನೋಡುತ್ತ, "ನಂದೂ ಹಂಗ ಬರತೈತೇನ್ರಿ, ಇದ್ದಂಗ?" ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲಲ್ಲಿ ಕೂತಳು. "ಪೌಡರ್ ಹಚ್ಕೊಳ್ಳೇನು?" ಎಂದಳು. ಬೇಡವೆಂದೆ. ಗದ್ದದ ಕೆಳಗಿನ ಮಚ್ಚೆಯ ಮೇಲೆ ಬೆರಳಿಟ್ಟು ಬೆಳಕು ಇಳಿಸಿದೆ. ಮೊಣಕೈ ಪಕ್ಕೆಗೆ ಒತ್ತಿಕೊಂಡೆ. ಆಕೆ ನನ್ನನ್ನು ನೋಡುತ್ತಿದ್ದಳು, ಮೊಬೈಲನ್ನಲ್ಲ. ತೋರಿಸಿದಾಗ, "ನಮ್ಮ ಅಮ್ಮಾನ ಗದ್ದ ನನಗ ಬಂದೈತಿ. ಇಷ್ಟ ದಿನ ನೋಡೇ ಇರಲಿಲ್ಲ" ಎಂದಳು. ಸೆರಗಿನ ತುದಿ ಹುಡುಕಿ ಕಣ್ಣೊರೆಸಿಕೊಂಡಳು. ನಾನು ಅಂಗಡಿಯೊಳಗೆ ಹೋಗಿ ಸುಮ್ಮನೆ ಮಷೀನು ತುಳಿದೆ, ಸೂಜಿಯಲ್ಲಿ ದಾರವೇ ಇರಲಿಲ್ಲ.

ಆ ಫೋಟೊ ಪ್ರಿಂಟು ಹಾಕಿಸಿ ಈ ಕಾಗದದ ಜೊತೆ ಇಟ್ಟಿದ್ದೇನೆ. ನಿನ್ನ ಅಬ್ಬಾ ತೆಗೆದ ಮೊದಲ ಒಳ್ಳೆಯ ಫೋಟೊ ಇದು. ರಂಜಾನಿಗೆ ಮೊದಲು ಒಮ್ಮೆ ಇಬ್ಬರೂ ಬಂದು ಹೋಗಿ. ಹೊತ್ತಿಗೆ ಸರಿಯಾಗಿ ಉಣ್ಣು, ಹಿರಿಯರ ಮಾತಿಗೆ ಎದುರಾಡಬೇಡ, ಹಾಗೆಂದು ಎಲ್ಲವನ್ನೂ ನುಂಗಿಕೊಂಡೂ ಇರಬೇಡ. ಅಲ್ಲಾಹ್ ನಿನ್ನ ಮನೆಯನ್ನು ತಂಪಾಗಿಡಲಿ, ನಿನ್ನ ಮಡಿಲು ತುಂಬಲಿ.

ನಿನ್ನ ಅಬ್ಬಾ
ಅಬ್ದುಲರಜಾಕ

ತಾ.ಕ.: ಮುಖ ತಿದ್ದಿದ್ದು ಮದುವೆ ಫೋಟೊ ತೆಗೆದವರ ಅಧಿಕಪ್ರಸಂಗ ಎಂದು ಅಮ್ಮಿ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ನಾನೂ ನಂಬಿ ಅವರ ಮೇಲೆ ಜಗಳಕ್ಕೆ ಹೊರಟಿದ್ದೆ, ಬಾಗಿಲಲ್ಲೇ ತಡೆದಳು. ತಾನು ಆಗಲೇ ಹೋಗಿ ಕೇಳಿ ಬಂದಿದ್ದಳಂತೆ. "ನಿಮ್ಮ ಮಗಳ ಹೇಳ್ಯಾರ್ರಿ, ಆಲ್ಬಮ್ ಅತ್ತಿ ಮನ್ಯಾಗ ಎಲ್ಲಾರೂ ನೋಡ್ತಾರ, ಅಮ್ಮಿ ಮಚ್ಚಿ ಕಾಣಬಾರ್ದು ಅಂತ" ಎಂದು ಫೋಟೊದವರು ಅಂದರಂತೆ. ನಿನಗೆ ಇದನ್ನು ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು, ಇವತ್ತು ಮುರಿದೆ. ನನಗೆ ನಿನ್ನ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆಕೆಗೆ ಬರಲೇ ಇಲ್ಲ. ಈಗ ಲಕೋಟೆ ಅಂಟಿಸುವ ಮೊದಲು ಫೋಟೊವನ್ನು ಇನ್ನೊಮ್ಮೆ ಕೈಗೆ ತೆಗೆದುಕೊಂಡು ಹೇಳಿದಳು: "ಅಕಿಗೆ ಒಂದ ಮಾತ ಬರೀರಿ. ಗ್ವಾಡಿಗೆ ಹಾಕೂದ ಬ್ಯಾಡ, ಪೆಟ್ಟಿಗ್ಯಾಗ ಅರಿಬಿ ಕೆಳಗ ಇಟ್ಕೊಳ್ಳಲಿ. ಯಾರರ ನೋಡಿ ಕೇಳಿದ್ರ ತವರಮನಿ ಬಾಜೂದವ್ರು ಅನ್ನಲಿ, ನನಗೇನೂ ಬ್ಯಾಸರಿಲ್ಲ."