ಗೌತಮಿಗೆ ಸಿಗದ ಶ್ರುತಿ

ಫೆಬ್ರುವರಿ ೧೧, ಬುಧವಾರ

ಸಿಟ್ಟು ಇನ್ನೂ ಇಳಿದಿಲ್ಲ. ಸಂಜೆ ಪಾರ್ವತಿನಗರದ ಸಂಗೀತ ಕ್ಲಾಸಿನಲ್ಲಿ ಮೇಷ್ಟ್ರು ಎಲ್ಲರೆದುರು ನನ್ನ ಮೊಮ್ಮಗಳು ಗೌತಮಿಗೆ, "ನಿನ್ ದನಿ ಮೇಲಕ್ಕ ಹೋಗವಲ್ದು. ವಾರ್ಷಿಕೋತ್ಸವದಾಗ ಬರೇ ತುಟಿ ಆಡಿಸು, ಸಾಕು" ಎಂದರು. ಮಕ್ಕಳೆಲ್ಲ ನಕ್ಕರು.

ಬಾಗಿಲಲ್ಲಿದ್ದ ನಾನು, "ಸರ್, ಶ್ರುತಿ ಒಂದ್ ಸ್ವರ ಕೆಳಗ ಇಳಿಸ್ರಿ, ಹಾಡ್ತಾಳ" ಎಂದೆ.

"ಈಕಿ ಒಬ್ಬಾಕಿ ಸಲುವಾಗಿ ಇಪ್ಪತ್ತು ಮಂದಿ ಇಳೀಬೇಕೇನ್ರಿ?"

ಅರವತ್ತು ವರ್ಷದ ಹಿಂದೆ ಕುರುಗೋಡಿನಲ್ಲಿ ನಮಗೆ ಕಲಿಸಿದ ಚಿನ್ನಪ್ಪ ಮೇಷ್ಟ್ರು ಮೊದಲು ನಮ್ಮನ್ನು ಗುನುಗಲು ಬಿಡುತ್ತಿದ್ದರು. ದನಿ ಎಲ್ಲಿ ಸುಖವಾಗಿ ನಿಲ್ಲುತ್ತದೋ ಅಲ್ಲಿ ಹಾರ್ಮೋನಿಯಂ ಹಿಡಿಯುತ್ತಿದ್ದರು. ತಪ್ಪಿದರೆ, "ಹೆದರಬ್ಯಾಡಲೇ, ನಾನ ನಿನ್ ಹತ್ರ ಬರ್ತೀನಿ" ಎನ್ನುತ್ತಿದ್ದರು. ಅವರ ಬಳಿ ಒಂದು ಸರ್ಟಿಫಿಕೇಟೂ ಇರಲಿಲ್ಲ. ಇವರಿಗೆ ಗೋಡೆ ತುಂಬ ಇವೆ. ಕಲಿಸುವ ಹಕ್ಕನ್ನು ಇವರಿಗೆ ಕೊಟ್ಟವರು ಯಾರು?

ದಿನವಿಡೀ ಗುನುಗುತ್ತ ತಿರುಗುತ್ತಿದ್ದ ಹುಡುಗಿ ಇಂದು ಮನೆಗೆ ಬಂದವಳು ಮೂಲೆ ಹಿಡಿದಳು. ನನ್ನ ಹಳೆಯ ಹಾರ್ಮೋನಿಯಂ ಒರೆಸಿ ಮುಂದಿಟ್ಟುಕೊಂಡು, "ಬಾರವ್ವ, ನಿನಗ ಹೆಂಗ ಬರ್ತೈತೋ ಹಂಗ ಹಾಡು. ನಾ ಹುಡುಕ್ತೀನಿ" ಎಂದೆ.

"ಬ್ಯಾಡ ತಾತ. ಕೇಳಿಸಿದ್ರ ನಗ್ತಾರ."

ಮನೆಯಲ್ಲಿ ನಾವಿಬ್ಬರೇ ಇದ್ದೆವು.