ಕಣ್ಣಿರುವ ರಾಣಿ

ಪೂರಿಗಾಲಿ
ಭಾನುವಾರ, ೨೩ ಮಾರ್ಚ್ ೨೦೨೫

ಮದ್ದೂರಿನಲ್ಲಿ ಸುಖವಾಗಿರುವ ನನ್ನ ತಂಗಿ ರೂಪಳಿಗೆ,

ಪ್ರತಿ ಕಾಗದದಲ್ಲೂ ಮೊದಲು ಆಶೀರ್ವಾದ ಬರೆಯುತ್ತಿದ್ದೆ. ಇವತ್ತು ಕೈ ಬರಲಿಲ್ಲ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನ್ನ ದನಿ ಕೇಳಿದರೆ ನಾನು ಕರಗಿಬಿಡುತ್ತೇನೆ. ಅದಕ್ಕೇ ಈ ಚುಕ್ಕಿ ಅಕ್ಷರ. ಮೈಸೂರಿನ ಅಂಧರ ಶಾಲೆಯಿಂದ ನಾನು ರಜೆಗೆ ಬಂದಾಗಲೆಲ್ಲ ಪಕ್ಕದಲ್ಲಿ ಕೂತು, ಹಠ ಹಿಡಿದು ಬ್ರೈಲ್ ಕಲಿತವಳು ನೀನು. ನಿನ್ನ ಗಂಡ ಅಂಬರೀಶನ ಕೈಗೆ ಸಿಕ್ಕರೂ ಇದು ಅವನಿಗೆ ಬರೀ ದಪ್ಪ ಕಾಗದ. ಅಷ್ಟು ಮಾನ ಉಳಿಸಿದ್ದೇನೆ.

ಮೊನ್ನೆ ಶುಕ್ರವಾರ ಮಲ್ಲಿಗಮ್ಮ ಬಂದಿದ್ದರು, ನಮ್ಮ ನಾಟಕದ ಮಂತ್ರಿ ಪ್ರಸನ್ನನ ತಾಯಿ. ಮಾತು ತಡವಾದರೂ ಕಲಿತದ್ದನ್ನು ಮರೆಯದ ಆ ಪ್ರಸನ್ನನೂ ಜೊತೆಗಿದ್ದ. ಅವ್ವ ಗದ್ದೆಗೆ ಹೋಗಿದ್ದಳು. ಮಲ್ಲಿಗಮ್ಮ ಒಳಗೆ ಬರಲಿಲ್ಲ. ಬೀದಿಯಲ್ಲೇ ನಿಂತು, "ನಾಗಮಣೀ, ಅಮ್ಮ ಇಳುದ್ಲೇನವ್ವ? ತಂಪಿಗೆ ಮೊಸರನ್ನ ತಂದಿವ್ನಿ, ಜಗಲಿ ಮ್ಯಾಲೆ ಮಡುಗ್ತೀನಿ" ಅಂದರು.

ಯಾರಿಗೆ ಅಮ್ಮ ಆಗಿರೋದು ಅಂತ ಕೇಳಿದೆ. ಅವರು ಗಾಬರಿಯಾದರು. "ನಿಂಗೇ ಕಣವ್ವ! ನಿಮ್ ರೂಪನೇ ಏಳುದ್ಲಲ್ಲ, ಮೈತುಂಬ ಎದ್ಬುಟ್ಟವೆ, ಯಾರೂ ಆ ಕಡೀಕೆ ಓಗ್ಬ್ಯಾಡಿ, ಪೋನೂ ಮಾಡ್ಬ್ಯಾಡಿ, ತಾಯಿ ಮುನಿಸ್ಕತಾಳೆ ಅಂತ." ನಾನು ತೋಳು ಚಾಚಿ ತೋರಿಸಿದೆ. ಒಂದು ಗುಳ್ಳೆ ಇಲ್ಲ, ಒಂದು ಕಲೆ ಇಲ್ಲ. ಆಗ ಪ್ರಸನ್ನ ನನ್ನ ಕೈ ಹಿಡಿದುಕೊಂಡು, "ಅಕ್ಕ, ರೂಪಕ್ಕ ರಾಣಿ ಆಗಿದ್ಲು. ನೀನೇ ಬಂದೆ ಅನ್ಕಂಡೆ" ಅಂದ.

ನಾಟಕದ ಹಿಂದಿನ ದಿನ ನೀನು ಫೋನ್ ಮಾಡಿ ಏನಂದೆ? "ನಾಟ್ಕ ಮುಂದಕ್ಕೋಯ್ತು ಕಣಕ್ಕಯ್ಯ, ಹಾಲ್‌ನಲ್ಲಿ ಕರೆಂಟು ಕೆಟ್ಟೈತಂತೆ, ನೀನು ಬಸ್ಸತ್ತಬ್ಯಾಡ." ನಾನು ಕಟ್ಟಿಟ್ಟಿದ್ದ ಚೀಲ ಬಿಚ್ಚಿ, ನಿನಗೂ ಬೇಜಾರಾಗಿರಬೇಕು ಅಂತ ನಿನ್ನನ್ನೇ ಸಮಾಧಾನ ಮಾಡಿದೆನಲ್ಲೇ! ನಾಟಕದ ಮಾರನೆಯ ದಿನ ಮಾತಾಡಿದಾಗ ನಿನ್ನ ಗಂಟಲು ಕಟ್ಟಿತ್ತು. ಕೇಳಿದ್ದಕ್ಕೆ ಫ್ಯಾನ್ ಗಾಳಿ ಅಂದೆ. ಕಾಳುಮೆಣಸಿನ ಕಷಾಯ ಕುಡಿ ಅಂದೆ ನಾನು. ನನ್ನ ಹಾಡು ಹಾಡಿ ಕಟ್ಟಿದ ಗಂಟಲಿಗೆ ನಾನೇ ಮದ್ದು ಹೇಳಿದೆ. ಥೂ, ಎಂಥ ಪೆದ್ದಿ ನಾನು.

ಸುಳ್ಳನ್ನು ಮಾತ್ರ ಚೆನ್ನಾಗಿಯೇ ಹೆಣೆದಿದ್ದೀಯೆ. ಬರೀ ಜ್ವರ ಅಂದಿದ್ದರೆ ನಾಟಕ ಆಡಿಸುವ ನಿಂಗಯ್ಯ ಮೇಷ್ಟ್ರು ಹಾರ್ಮೋನಿಯಂ ಬಿಟ್ಟು ಪೂರಿಗಾಲಿಗೇ ಬಂದು ನನ್ನನ್ನು ಎತ್ತಿಕೊಂಡು ಹೋಗುತ್ತಿದ್ದರು. ಅಮ್ಮ ಆದ ಮನೆಗೆ ಯಾರೂ ಕಾಲಿಡುವುದಿಲ್ಲ. ಆದರೆ ಅಮ್ಮ ಇಳಿದ ಮೇಲೆ ತಂಪು ತರುತ್ತಾರೆ ಅನ್ನುವುದು ನಿನಗೆ ಹೊಳೆಯಲಿಲ್ಲ. ಇಷ್ಟು ಬೇಗ ಊರಿನ ಪದ್ಧತಿ ಮರೆತೆಯಾ?

ರೂಪಾ, ಆ ಪಾತ್ರ ನನಗೆ ಏನಾಗಿತ್ತು ಅಂತ ನಿನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಶಾಲೆಯಲ್ಲೂ ಊರಿನಲ್ಲೂ ನನಗೆ ಸಿಕ್ಕಿದ್ದೆಲ್ಲ ಕುರುಡಿಯ ಪಾತ್ರವೇ. ಮಂಡ್ಯದ ನಮ್ಮ ತಂಡದಲ್ಲಿ ಮೇಷ್ಟ್ರು ಅದನ್ನು ಮುರಿದರು. ಗಾಲಿಕುರ್ಚಿಯ ಸಂತೋಷನನ್ನು ದಂಡಿನ ಮುಂದೆ ನಡೆಯುವ ಸೇನಾಪತಿ ಮಾಡಿದರು. ನನ್ನನ್ನು ಕಣ್ಣಿರುವ ರಾಣಿ ಮಾಡಿದರು. ಆ ರಾಣಿ ದಂಡನ್ನು ನೋಡುತ್ತಾಳೆ, ಸುಳ್ಳು ಹೇಳಿದವರ ಮುಖ ನೋಡಿಯೇ ಕಂಡುಹಿಡಿಯುತ್ತಾಳೆ. ನೋಡುವುದು ಹೇಗೆ ಅಂತ ನನ್ನ ಗಲ್ಲ ಹಿಡಿದು ತಿರುಗಿಸಿ ಕಲಿಸಿದವಳು ನೀನು. ತಾಲೀಮಿನ ದಿನ ನೀನು ಮದ್ದೂರು ಬಸ್ ನಿಲ್ದಾಣದಲ್ಲಿ ಕಾದಿದ್ದು, ಮಂಡ್ಯದವರೆಗೂ ನನ್ನಿಂದ ಮಾತು ಒಪ್ಪಿಸಿಕೊಳ್ಳುತ್ತಿದ್ದೆ. ನನಗೆ ಬಾಯಿಪಾಠ ಆಗುತ್ತಿದೆ ಅಂತ ನಾನು ಹಿಗ್ಗುತ್ತಿದ್ದೆ. ನಿನಗೂ ಆಗುತ್ತಿತ್ತು ಅಂತ ಒಂದು ಸಲವೂ ಅನ್ನಿಸಲಿಲ್ಲ.

ಪಾತ್ರ ಬೇಕಿದ್ದರೆ ಕೇಳಬಹುದಿತ್ತು. ತಂಡ ಎಲ್ಲರದೂ ಅಂತ ಮೇಷ್ಟ್ರು ಹೇಳುತ್ತಲೇ ಇದ್ದರು. ದಾಸಿಯನ್ನೋ ತಂಗಿಯನ್ನೋ ಬರೆದು ಸೇರಿಸುತ್ತಿದ್ದರು. ನಿನಗೆ ಯಾವುದೋ ಒಂದು ಪಾತ್ರ ಬೇಕಿರಲಿಲ್ಲ, ನನ್ನದೇ ಬೇಕಿತ್ತು. ನಿನಗೆ ಕಣ್ಣಿದೆ ಕಣೆ! ನೋಡುವುದಕ್ಕೆ ನೀನು ನಟಿಸಬೇಕಾಗಿಯೇ ಇಲ್ಲ.

ಪಾತ್ರ ಹೋಗಿದ್ದಕ್ಕಿಂತ ದೊಡ್ಡ ನಷ್ಟ ಇನ್ನೊಂದಾಗಿದೆ. ಅವ್ವನ ಕೂದಲು ನರೆತಿದೆ ಅಂತ ಹೇಳಿದವಳು ನೀನು. ನಾನು ನಕ್ಕರೆ ಚೆನ್ನಾಗಿ ಕಾಣುತ್ತೇನೆ ಅಂದವಳೂ ನೀನೇ. ನೀನು ಹೇಳಿದ್ದೇ ನನಗೆ ಜಗತ್ತು. ನಿನ್ನೆ ಸೀರೆ ಮಡಿಸುತ್ತಾ ಇದು ನಿಜವಾಗಿಯೂ ಹಸಿರಾ ಅಂತ ಅನುಮಾನ ಬಂತು. ಪಕ್ಕದ ಮನೆಯ ಪಟ್ಟಲಮ್ಮನನ್ನು ಕರೆದು ಕೇಳಿದೆ. "ಗಿಳಿ ಅಸ್ರು ಕಣಮ್ಮ, ಯಾಕೆ?" ಅಂದಳು. ಸೀರೆ ಹಿಡಿದುಕೊಂಡು ಅತ್ತುಬಿಟ್ಟೆ. ಇನ್ನು ಯಾವುದನ್ನು ಯಾರ ಹತ್ತಿರ ಕೇಳಿಕೊಂಡು ಬರಲಿ?

ಮೇಷ್ಟ್ರಿಗೆ ನಾನೇ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ತಡವರಿಸಿಕೊಂಡು, ಮುಂದಿನ ಆಟ ಮಳವಳ್ಳಿಯಲ್ಲಿ, ಆಟ ಕರೆಸುವ ಅಲ್ಲಿಯವರು ಮಂಡ್ಯದಲ್ಲಿ ನೋಡಿದ ಅದೇ ರಾಣಿ ಬೇಕು ಅಂತಿದ್ದಾರೆ, ನೀನೇನಂತೀಯಾ ತಾಯಿ ಅಂದರು. ರಾಣಿ ನಾನೇ, ಬೇಡವಾದರೆ ಅವರು ನೋಡಲು ಬರುವುದು ಬೇಡ ಅಂದೆ. ಸರಿ ಕಣಮ್ಮ ಅಂದರು. ಆ ಸರಿಯಲ್ಲಿ ಅರೆಮನಸ್ಸಿತ್ತು. ಇರಲಿ.

ಅವ್ವನಿಗೆ ಇನ್ನೂ ಹೇಳಿಲ್ಲ, ಹೇಳುವುದೂ ಇಲ್ಲ. ನೀನು ಮದ್ದೂರು ನಿಲ್ದಾಣದಲ್ಲಿ ಕಾಯಬೇಡ. ಮಂಡ್ಯಕ್ಕೆ ತಾಲೀಮಿಗೆ ನಾನೊಬ್ಬಳೇ ಹೋಗುತ್ತೇನೆ, ಕಂಡಕ್ಟರ್ ಇಳಿಸುತ್ತಾನೆ, ಅಲ್ಲಿಂದ ಆಟೋ ಇದೆ. ಫೋನ್ ಮಾಡಬೇಡ. ಅಳಬೇಡ ಅಂತಲೂ ಹೇಳುವುದಿಲ್ಲ, ಅತ್ತರೆ ಅಳು.

ನಿನ್ನನ್ನು ಎತ್ತಿ ಆಡಿಸಿದ ತಪ್ಪಿಗೆ
ಇನ್ನೂ ನಿನ್ನ ಅಕ್ಕಯ್ಯನೇ ಆಗಿರುವ,
ನಾಗಮಣಿ

ತಾಜಾ ಕಲಂ: ಆವತ್ತಿನ ಆಟವನ್ನು ಮಲ್ಲಿಗಮ್ಮ ಮೊಬೈಲಿನಲ್ಲಿ ಹಿಡಿದಿದ್ದರು. ಬೇಡ ಬೇಡ ಅಂದುಕೊಂಡೇ ಹಾಕಿಸಿಕೊಂಡು ಕೇಳಿದೆ. ದಂಡು ಸೋತು ಬಂದಾಗ ರಾಣಿ ಹಾಡುವ ಹಾಡಿನಲ್ಲಿ ನನಗೆ ಉಸಿರು ಸಾಲುವುದೇ ಇಲ್ಲ, ನಡುವೆ ತುಂಡಾಗುತ್ತದೆ. ನೀನು ಒಂದೇ ಉಸಿರಿನಲ್ಲಿ ಮೇಲಕ್ಕೆ ಒಯ್ದೆ. ಹಾಲ್ ಪೂರಾ ಚಪ್ಪಾಳೆ ಬಿತ್ತು. ನಾನೂ ಕೈ ಎತ್ತಿ ಚಪ್ಪಾಳೆ ಹೊಡೆಯುವವಳಿದ್ದೆ. ಇದನ್ನು ಸಹಿಯ ಮೇಲೆ ಬರೆಯಲು ಆಗಲಿಲ್ಲ. ನೀನು ಕೆಟ್ಟದಾಗಿ ಹಾಡಿದ್ದರೆ ಇಷ್ಟು ಹೊತ್ತಿಗೆ ಕ್ಷಮಿಸಿಬಿಟ್ಟಿರುತ್ತಿದ್ದೆ ಕಣೆ.