ಪುಟ್ಟಮಲ್ಲಮ್ಮನ ಮನೆ ಬಾಗಿಲು

ಕೆ.ಆರ್. ನಗರ

ಮಧುಶ್ರೀ ಅವರಿಗೆ ನಮಸ್ಕಾರ.

ನಮ್ಮ ಟೀವಿ ಕ್ರೈಂ ಕಾರ್ಯಕ್ರಮ ನಿಂತು ಮೂರು ವರ್ಷವಾಯ್ತು. ಅದು ನಡೀತಿದ್ದಾಗ ನಾನು ಭೇರ್ಯದಂಥ ಹಳ್ಳೀಲಿ ಬೈಕಿಳಿದರೆ ಜನ ಮುತ್ಕೊಳ್ಳೋರು. ನೀವು ಮೈಕಿನ ವೈರ್ ಹಿಡಿದು ನನ್ನ ಹಿಂದೆ ಬರ್ತಿದ್ರಿ. ಈಗ ನಿಮ್ಮ ಯೂಟ್ಯೂಬ್ ಚಾನೆಲ್ಲನ್ನ ನಮ್ಮನೆಯವಳೇ ದಿನಾ ನೋಡ್ತಾಳೆ. ನಿಜ ಹೇಳ್ತೀನಿ, ಹೊಟ್ಟೆ ಉರಿಯುತ್ತೆ ಕಣ್ರೀ.

ನಿನ್ನೆ ಅದರಲ್ಲಿ ಪುಟ್ಟಮಲ್ಲಮ್ಮನವರನ್ನ ನೋಡಿದೆ. ಅವರ ಮಗಳು ಪ್ರೀತಿಸಿದವನ ಜೊತೆ ಹೋದಾಗ ಮೂರು ದಿನ ಅವರ ಮನೆ ಬಾಗಿಲು ಬಡಿದಿದ್ದೆ. "ನಿನ್ನ ಕಾಲಿಗೆ ಬೀಳ್ತೀನಿ, ಓಗಪ್ಪ" ಅಂತ ಒಳಗಿಂದ ಅತ್ತಿದ್ದನ್ನೂ ಪ್ರಸಾರ ಮಾಡಿದೆ. ಈ ವಿಡಿಯೋದಲ್ಲಿ ಅವರೇ ನಿಮಗೆ ಕಾಫಿ ಕೊಟ್ಟು, ಮೊಮ್ಮಗುವನ್ನ ತೋರಿಸಿ ನಕ್ಕರು. ನಾಲ್ಕು ಸಲ ನೋಡಿದೆ.

ಮತ್ತೆ ಹೋದಾಗ ನನ್ನನ್ನೂ ಕರ್ಕೊಂಡು ಹೋಗ್ತೀರಾ? ಕ್ಯಾಮೆರಾ ಬೇಡ, ತಪ್ಪಾಯ್ತು ಅನ್ನಬೇಕು. ಒಳಕ್ಕೆ ಕರೆಯದಿದ್ದರೆ ಬೀದಿಯಲ್ಲೇ ನಿಂತಿರ್ತೀನಿ.

ನಿಮ್ಮ ಹಳೇ ವರದಿಗಾರ,
ರೇಣುಕಾಪ್ರಸಾದ್